ಗೇಣು ದೂರದ ಗುಡ್ಡ

ಕಲ್ಲಗೋನಾಳ
9 ಆಗಸ್ಟ್ 2024

ಶಾಯಿಸ್ತಾ,

ಆರು ವರ್ಷದ ಮೇಲೆ ನಿನಗೆ ಬರೆಯುತ್ತಿದ್ದೇನೆ. ಕ್ಷೇಮ ಕೇಳಲು ಅಲ್ಲ, ಬೈಯಲು. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀ, ನಾನು ಅರ್ಧಕ್ಕೇ ಅತ್ತುಬಿಡುತ್ತೇನೆ. ಕಾಗದದಲ್ಲಿ ಪೂರ್ತಿ ಬೈಯಬಹುದು.

ನಾನು ಈ ಊರಿನ ಶಾಲೆಗೆ ಬಂದು ಮೂರು ವರ್ಷವಾಯಿತು. ಶಾಲೆಯ ಹಿಂದೆಯೇ ಗುಬ್ಬಿಗುಡ್ಡ. ಸಂಜೆ ಗಂಟೆ ಹೊಡೆಯುವ ಹೊತ್ತಿಗೆ ಅದರ ನೆರಳು ಏಳನೆಯ ತರಗತಿಯ ಕಿಟಕಿ ಮುಟ್ಟುತ್ತದೆ. ಆ ಗುಡ್ಡಕ್ಕೆ ಸಿಡಿಮದ್ದು ಇಟ್ಟು ಕಲ್ಲು ತೆಗೆಯಲು ಒಂದು ಕಂಪನಿ ಅರ್ಜಿ ಹಾಕಿದೆ. ನಿಯಮದಂತೆ ಬಿಡಬೇಕಾದ ದೂರದ ಲೆಕ್ಕವನ್ನು ಊರಾಚೆಯ ಹಳೇ ಚಾವಡಿಯಿಂದ ತೋರಿಸಿದ್ದಾರೆ, ಶಾಲೆಯಿಂದ ಅಲ್ಲ. ಗಣಿ ಇಲಾಖೆಯ ಸಾಹೇಬರು ಒಂದು ಸಲ ಬಂದು ಕಣ್ಣಾರೆ ನೋಡಲಿ ಎಂದು ನಾವು ಹದಿನಾಲ್ಕು ಜನ ಕೊಪ್ಪಳದ ಸಭೆಗೆ ಹೋಗಿದ್ದೆವು. ಅವರು ಮೇಜಿನ ಮೇಲೆ ಒಂದು ದೊಡ್ಡ ಫೋಟೋ ಹರಡಿ, "ಗುಡ್ಡ ಅಷ್ಟ್ ದೂರ ಐತಲ್ರಿ. ಸ್ಥಳಕ್ಕ ಬಂದು ನೋಡೂದು ಏನೈತಿ ಇದರಾಗ?" ಎಂದರು.

ಫೋಟೋದಲ್ಲಿ ನಮ್ಮ ಶಾಲೆಯ ಅಂಗಳ ಜೋಳದ ಕಣದಷ್ಟು ಅಗಲವಾಗಿತ್ತು. ಗುಡ್ಡ ಹುತ್ತದಷ್ಟು. ತಿರುಗಿಸಿ ನೋಡಿದರೆ ಹಿಂದೆ ಮುದ್ರೆ: ಯಮನೂರ ಡಿಜಿಟಲ್ ಸ್ಟುಡಿಯೊ, ಕುಷ್ಟಗಿ. ನಿನ್ನ ಅಪ್ಪನ ಹೆಸರು, ನಿನ್ನ ಕೈ.

ದೂರದ ಬೆಟ್ಟ ನುಣ್ಣಗೆ ಎಂದು ಗಾದೆ ಮಾಡಿದವರಿಗೆ ನಿನ್ನ ಲೆನ್ಸು ಗೊತ್ತಿರಲಿಲ್ಲ. ಅದು ಹತ್ತಿರದ ಬೆಟ್ಟವನ್ನೂ ದೂರ ಕಳಿಸಿ ನುಣ್ಣಗೆ ಮಾಡುತ್ತದೆ. ನನ್ನ ಮದುವೆಯಲ್ಲಿ ಅವ್ವನಿಗೆ ಮಾಡಿದ್ದೂ ಇದನ್ನೇ. ಎಲ್ಲರ ಗುಂಪಿನಲ್ಲಿ ಅವಳು ಅಂಚಿಗೆ ನಿಂತಳು, ಅವಳ ಮುಖ ಲಟ್ಟಿಸಿದ ಹಾಗೆ ಅಡ್ಡಕ್ಕೆ ಎಳೆದುಕೊಂಡಿತು. ದಿನವಿಡೀ ಅಡುಗೆಯ ಒಲೆ ಮುಂದೆ ಇದ್ದವಳ ಫೋಟೋ ಅದೊಂದೇ. ಏಳು ತಿಂಗಳಿಗೆ ಅವಳು ಹೋದಳು. ಅದನ್ನು ಕಂಪ್ಯೂಟರಿನಲ್ಲಿ ಸರಿಮಾಡಿ ಕೊಡುತ್ತೇನೆ ಎಂದು ನೀನು ಹಗುರಾಗಿ ಹೇಳಿದೆ. ನನ್ನ ಅವ್ವನನ್ನು ನೀನು ಸರಿಮಾಡುವುದು ಬೇಡ ಎಂದು ಅಂದೇ ಹೇಳಿದ್ದೆ, ಇವತ್ತಿಗೂ ಅದೇ ಮಾತು.

ಮುಂದಿನ ಸಭೆ ಅಕ್ಟೋಬರ್ ಕೊನೆಗೆ. ಅದೇ ಕಡೆಯ ಸಭೆ. ನೀನು ಮಾಡಿದ್ದನ್ನು ನೀನೇ ಬಿಡಿಸು.

ಸುನಿತಾ


ಕುಷ್ಟಗಿ
14 ಆಗಸ್ಟ್ 2024

ಸುನಿ,

ಕುಂಬಳಕಾಯಿ ಕಳ್ಳ ಎಂದು ನೀನು ಕೂಗಿದೆ, ನಾನು ಹೆಗಲು ಮುಟ್ಟಿ ನೋಡಿಕೊಂಡೆ. ಬೂದಿ ಇದೆ. ಒಪ್ಪಿಕೊಂಡೆ.

ನಡೆದದ್ದು ಹೇಳುತ್ತೇನೆ. ಮೇ ತಿಂಗಳಲ್ಲಿ ಕಂಪನಿಯ ಗೋವಿಂದರಾಜ ಎಂಬುವವರು ಬಂದು, "ಊರು, ಗುಡ್ಡ ಎರಡೂ ಒಂದ ಫೋಟೋದಾಗ ಕೂಡಬೇಕ್ರಿ ಮೇಡಂ" ಎಂದರು. ಅಷ್ಟೇ. ಮೋಸ ಮಾಡು ಎಂದು ಯಾರೂ ಹೇಳಲಿಲ್ಲ, ಹೇಳಿದ್ದರೆ ಬಾಗಿಲು ತೋರಿಸುತ್ತಿದ್ದೆ. ನಾನು ಶಾಲೆಯ ಗೇಟಿನ ಒಳಗೇ ನಿಂತು ಹದಿನಾರು ಹಾಕಿ ಹೊಡೆದೆ. ಹದಿನಾರು ಅಂದರೆ ನನ್ನ ಹದಿನಾರು ಎಂ.ಎಂ. ಲೆನ್ಸು. ಈ ಅಂಕೆ ಸಣ್ಣದಾದಷ್ಟೂ ಚಿತ್ರದೊಳಗೆ ಹೆಚ್ಚು ಜಾಗ ಹಿಡಿಸುತ್ತದೆ, ಹಿಡಿಸಿದ್ದೆಲ್ಲ ಸಣ್ಣದಾಗುತ್ತದೆ.

ನಮ್ಮ ಕಡೆಯ ಮದುವೆ ಮನೆ ನಿನಗೆ ಗೊತ್ತು. ಎರಡು ಅಂಕಣದ ಪಡಸಾಲೆ, ನಲವತ್ತು ನೆಂಟರು. ಒಬ್ಬ ಸೋದರಮಾವ ಬಿಟ್ಟುಹೋದರೂ ಮೂರು ವರ್ಷದ ಮುನಿಸು. ಅಬ್ಬಾ ನನಗೆ ಕ್ಯಾಮರಾ ಕೊಟ್ಟ ದಿನ ಹೇಳಿದ್ದು ಒಂದೇ ಮಾತು: "ಫೋಟೋ ಹೆಂಗರ ಬರಲಿ, ಮಂದಿ ಎಲ್ಲಾರೂ ಬರಬೇಕು." ಅದಕ್ಕೆ ಹದಿನಾರು ನನ್ನ ಕ್ಯಾಮರಾದಿಂದ ಇಳಿಯುವುದೇ ಇಲ್ಲ. ಗುಡ್ಡವನ್ನೂ ಒಬ್ಬ ನೆಂಟ ಎಂದುಕೊಂಡು ಹಿಂದಿನ ಸಾಲಿಗೆ ನಿಲ್ಲಿಸಿಬಿಟ್ಟೆ. ಬಯಲಿನ ಚಿತ್ರಕ್ಕೆ ಅಗಲದ ಲೆನ್ಸೇ ಸರಿ ಎಂದು ಎಲ್ಲರೂ ಹೇಳುತ್ತಾರೆ, ಎಷ್ಟು ಅಗಲ ಎಂದು ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ.

ಈಗ ಕೇಳಿಕೊಳ್ಳುತ್ತೇನೆ. ಸಭೆಗೆ ಇನ್ನೂ ಎರಡು ತಿಂಗಳಿದೆ, ನನಗೆ ಅಷ್ಟು ಸಾಕು.

ನಿನ್ನ ಅವ್ವನ ವಿಷಯದಲ್ಲಿ ಆಡಿದ ಮಾತಿಗೆ ಸಮಜಾಯಿಷಿ ಕೊಡುವುದಿಲ್ಲ. ಅದು ತಪ್ಪು.

ಶಾಯಿಸ್ತಾ


ಕಲ್ಲಗೋನಾಳ
27 ಆಗಸ್ಟ್ 2024

ಶಾಯಿಸ್ತಾ,

ನೀನು ಇಷ್ಟು ಬೇಗ ಒಪ್ಪಿಕೊಂಡರೆ ನನ್ನ ಬೈಗುಳ ಉಳಿದುಹೋಗುತ್ತದೆ. ಇರಲಿ, ಮುಂದಕ್ಕೆ ಬೇಕಾಗುತ್ತದೆ.

ಕಚೇರಿಯಿಂದ ನಿನ್ನ ಫೋಟೋದ ಒಂದು ಪ್ರತಿ ನಮಗೂ ಕೊಟ್ಟಿದ್ದಾರೆ. ಶಾಲೆಯಲ್ಲಿ ಎಲ್ಲರಿಗೂ ತೋರಿಸಿದೆ. ಹುಡುಗರು "ಟೀಚರ್, ನಮ್ಮ ಗುಡ್ಡ ಓಡಿ ಹೋಗೈತ್ರಿ" ಎಂದರು. ಒಬ್ಬಳು ಮಾತ್ರ ಬೇರೆ ಹೇಳಿದಳು. ಬಿಸಿಯೂಟದ ಅಡುಗೆಯ ಹುಲಿಗವ್ವ. ಅವಳಿಗೆ ಮೊಳ ದಾಟಿದರೆ ಎಲ್ಲವೂ ಮಂಜು, ದೊಡ್ಡ ಆಕಾರ ಮಾತ್ರ ಮಸುಕಾಗಿ ಕಾಣುತ್ತದೆ. ಅಕ್ಕಿಯ ಹರಳು ಆರಿಸುವಾಗ ಮೊರ ಮೂಗಿಗೆ ತಾಗುವಂತಿರುತ್ತದೆ. ಫೋಟೋವನ್ನೂ ಹಾಗೇ ಮೂಗಿನ ಹತ್ತಿರ ಹಿಡಿದು, "ಎಲ್ಲೂ ಹೋಗಿಲ್ಲ ಬಿಡ್ರಿ, ಇಲ್ಲೇ ಐತಿ ಗುಡ್ಡ. ಇದ್ದಂಗ ಬಂದೈತಿ" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಕಣ್ಣಿಲ್ಲದವಳ ಸಾಕ್ಷಿ ಕಂಪನಿಯವರಿಗೆ ಸಿಕ್ಕರೆ ನಮ್ಮ ಕಥೆ ಮುಗಿಯಿತು.

ಹೊಸ ಫೋಟೋ ತೆಗೆದರೆ ಮೊಬೈಲಿಗೆ ಕಳಿಸಬೇಡ. ಅದೇ ಅಳತೆಯ ಪ್ರಿಂಟು ಮಾಡಿ ಕುಷ್ಟಗಿ ಬಸ್ಸಿನ ಕಂಡಕ್ಟರ್ ದ್ಯಾಮಣ್ಣನ ಕೈಗೆ ಕೊಡು. ಕಚೇರಿಯಲ್ಲಿ ನೋಡುವುದು ಕಾಗದವನ್ನು.

ಸುನಿತಾ


ಕುಷ್ಟಗಿ
11 ಸೆಪ್ಟೆಂಬರ್ 2024

ಸುನಿ,

ಗೆಳೆಯರ ಹತ್ತಿರ ಲೆನ್ಸು ಬೇಡಿ ತಂದೆ. ಹದಿನಾರು ನನ್ನದೇ, ಜೊತೆಗೆ ಇಪ್ಪತ್ತನಾಲ್ಕು, ಮೂವತ್ತೈದು, ಇನ್ನೂರು. ಮೊದಲು ನಿನ್ನ ಊರಿಗೆ ಬರಲು ಧೈರ್ಯ ಸಾಲದೆ ಆನೆಗೊಂದಿಗೆ ಹೋದೆ. ಬಂಡೆಗುಡ್ಡ ಬೇಕಾದಷ್ಟು ಇರುವಲ್ಲಿ ಕಲಿಯುವುದು ಸುಲಭ.

ಬಾಳೆ ತೋಟದ ಬದುವಿನಲ್ಲಿ ನಿಂತು ಹದಿನಾರರಲ್ಲಿ ಹೊಡೆದರೆ ಮುಂದಿನ ಬಾಳೆ ಎಲೆಯೇ ರಾಜ, ಹಿಂದಿನ ಗುಡ್ಡಗಳು ಬೆಣಚುಕಲ್ಲು. ಇಪ್ಪತ್ತನಾಲ್ಕರಲ್ಲಿ ಅವು ಸ್ವಲ್ಪ ತಲೆ ಎತ್ತಿದವು. ಮೂವತ್ತೈದರಲ್ಲಿ ಗುಡ್ಡ ಗುಡ್ಡದ ಹಾಗೆ ಬಂತು, ಆದರೆ ಬಾಳೆಯೂ ಗುಡ್ಡವೂ ಕೂಡಲಿಲ್ಲ. ಎರಡೂ ಬೇಕೆಂದರೆ ನಾನು ಹಿಂದೆ ಹಿಂದೆ ನಡೆಯಬೇಕು. ಅಗಲ ಲೆನ್ಸು ಅಂದರೆ ನಡೆಯಲು ಸೋಮಾರಿಯಾದವಳ ಲೆನ್ಸು ಎಂದು ಆ ದಿನ ಅನ್ನಿಸಿತು. ಗದ್ದೆಯ ಬದುವಿನಲ್ಲಿ ಹಿಂದೆ ನಡೆಯುತ್ತಾ ಒಮ್ಮೆ ಕೆಸರಿಗೂ ಬಿದ್ದೆ, ಅದನ್ನು ಓದಿ ನಿನಗೆ ಸಂತೋಷವಾಗಲಿ.

ಹಾಗೇ ಆನೆಗೊಂದಿಯಲ್ಲೇ ಇರುವ ನಿನ್ನ ತವರಿನ ಹಳೇ ಮನೆಯ ಮುಂದೆ ಬಂದೆ. ಮದುವೆಯ ಗುಂಪು ನಿಂತಿದ್ದ ಅಂಗಳ. ನಾನು ನಿಂತಿದ್ದ ಜಾಗದಲ್ಲಿ ಮತ್ತೆ ನಿಂತೆ, ಬೆನ್ನಿಗೆ ಗೋಡೆ ತಾಗಿತು. ಹಿಂದೆ ಹೋಗಲು ಜಾಗವಿರಲಿಲ್ಲ ಎನ್ನುವುದು ನಿಜ. ಆದರೆ ನಿನ್ನ ಅವ್ವ ಶಿವಲಿಂಗಮ್ಮನವರನ್ನು ಕೈ ಹಿಡಿದು ನಡುವೆ ತಂದು ನಿಲ್ಲಿಸಬಹುದಿತ್ತು. ಅವರು ಸಟ್ಟುಗ ಹಿಡಿದುಕೊಂಡೇ ಓಡಿಬಂದು ಅಂಚಿನಲ್ಲಿ ನಿಂತರು, ನಾನು ಕ್ಲಿಕ್ ಮಾಡಿಬಿಟ್ಟೆ. ಗೋಡೆಗೆ ಒರಗಿ ಅದನ್ನೇ ನೆನೆದು ಅತ್ತೆ, ಸುನಿ. ಪಕ್ಕದ ಮನೆಯವರು ನೀರು ಕೊಟ್ಟರು.

ಭಾನುವಾರ ನೀನು ಗಂಡನ ಮನೆಗೆ, ಗಂಗಾವತಿಗೆ ಹೋಗಿರುತ್ತೀ ಎಂದು ತಿಳಿದೇ ಕಲ್ಲಗೋನಾಳಕ್ಕೂ ಬಂದಿದ್ದೆ. ಎರಡು ಪ್ರಿಂಟು ಇಟ್ಟಿದ್ದೇನೆ. ಒಂದು ಗೇಟಿನಿಂದ ಇಪ್ಪತ್ತನಾಲ್ಕರಲ್ಲಿ. ಇನ್ನೊಂದು ಸಜ್ಜೆ ಹೊಲ ದಾಟಿ ಒಂದು ಕಿಲೋಮೀಟರ್ ಆಚೆಯಿಂದ ಇನ್ನೂರರಲ್ಲಿ. ನೋಡಿ ಹೇಳು.

ಶಾಯಿಸ್ತಾ


ಕಲ್ಲಗೋನಾಳ
20 ಸೆಪ್ಟೆಂಬರ್ 2024

ಶಾಯಿಸ್ತಾ,

ಆ ಇನ್ನೂರು. ಅದೇ. ಬೇರೆ ಏನೂ ಬೇಡ.

ಗುಡ್ಡ ನಮ್ಮ ಶಾಲೆಯ ಹೆಂಚಿನ ಮೇಲೆ ಮಲಗಿದ ಹಾಗಿದೆ. ಒಂದು ಕಲ್ಲು ಉರುಳಿದರೆ ಮುಖ್ಯೋಪಾಧ್ಯಾಯರ ಕುರ್ಚಿಗೇ ಬರುತ್ತದೆ. ಊರಿನ ಹಿರಿಯ ಮುದಿಯಪ್ಪ ಮುತ್ಯಾ ನೋಡಿ, "ಇದನ್ನ ನೋಡಿದ್ರ ಸಾಹೇಬ ಓಡಿ ಬರ್ತಾನ" ಎಂದರು. ಸಂಜೆ ಚಹಾ ಅಂಗಡಿಯಲ್ಲಿ ಎಲ್ಲರ ಕೈಯಲ್ಲೂ ಅದೇ ಓಡಾಡಿದೆ. ಮೂರು ವರ್ಷದಲ್ಲಿ ಈ ಊರು ಇಷ್ಟು ಖುಷಿಯಾಗಿದ್ದನ್ನು ನಾನು ನೋಡಿರಲಿಲ್ಲ. ಹತ್ತು ಪ್ರತಿ ಮಾಡಿಸು.

ಸುನಿತಾ


ಕುಷ್ಟಗಿ
23 ಸೆಪ್ಟೆಂಬರ್ 2024

ಸುನಿ,

ಇನ್ನೂರನ್ನು ಕೊಡುವುದಿಲ್ಲ.

ಅದೂ ಹದಿನಾರರ ಅಣ್ಣ. ಹದಿನಾರು ಗುಡ್ಡವನ್ನು ದೂರ ಅಟ್ಟಿತು, ಇನ್ನೂರು ತಲೆಯ ಮೇಲೆ ತಂದು ಹೇರಿತು. ಶಾಲೆಗೂ ಗುಡ್ಡಕ್ಕೂ ನಡುವೆ ಒಂದು ಹೊಲ ಇದೆ, ಒಂದು ಬಾವಿ ಇದೆ. ನಿನ್ನ ಕೈಯಲ್ಲಿರುವ ಚಿತ್ರದಲ್ಲಿ ಆ ಹೊಲ ಎಲ್ಲಿ ಹೋಯಿತು, ಹುಡುಕು.

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎನ್ನುತ್ತೀ, ಗೊತ್ತು. ಆದರೆ ಕಂಪನಿಯ ಕಡೆಯವರಲ್ಲೂ ಕ್ಯಾಮರಾ ತಿಳಿದವನು ಒಬ್ಬನಾದರೂ ಇರುತ್ತಾನೆ. ಅವನು ಎದ್ದು ನಿಂತು "ಇದು ಇನ್ನೂರರದ್ದು" ಎಂದರೆ ನಿಮ್ಮ ಹದಿನಾಲ್ಕು ಜನರ ಮಾತೂ ಸುಳ್ಳಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಮುದ್ರೆಯ ಹಿಂದೆ ನನ್ನ ಅಬ್ಬಾ ಇದ್ದಾರೆ. ತಿಳಿಯದೆ ಒಂದು ಸಲ ಒತ್ತಿದೆ. ತಿಳಿದು ಒತ್ತುವುದಿಲ್ಲ.

ನಿನಗೆ ಸಿಟ್ಟು ಬರುತ್ತದೆ. ಬರಲಿ. ಸರಿಯಾದ ಅಂಕೆ ಇದ್ದೇ ಇದೆ, ಹುಡುಕಿಯೇ ಹುಡುಕುತ್ತೇನೆ.

ಶಾಯಿಸ್ತಾ


ಕುಷ್ಟಗಿ
14 ಅಕ್ಟೋಬರ್ 2024

ಸುನಿ,

ಮೂರು ವಾರದಿಂದ ದ್ಯಾಮಣ್ಣ ಬಸ್ಸಿನ ಕಿಟಕಿಯಿಂದ ಖಾಲಿ ಕೈ ತೋರಿಸಿ ಹೋಗುತ್ತಿದ್ದಾನೆ. ನೀನು ಬರೆಯದಿದ್ದರೂ ನಾನು ಬರೆಯುತ್ತೇನೆ, ಯಾಕೆಂದರೆ ಸಿಕ್ಕಿತು.

ನಿನ್ನೆ ನಿನ್ನ ಊರಿಗೆ ಬಂದಿದ್ದೆ. ದಸರಾ ರಜೆ, ನೀನಿರಲಿಲ್ಲ. ಹುಲಿಗವ್ವ ಮನೆಯ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ನೀನು ಬರೆದದ್ದು ನೆನಪಾಗಿ ಮೊದಲು ಇನ್ನೂರರದ್ದನ್ನು ಕೈಗೆ ಕೊಟ್ಟೆ. ಮೂಗಿಗೆ ಹಿಡಿದು, "ಇದು ಯಾವೂರು ಬೇ? ಗುಡ್ಡ ಸಾಲಿ ಮ್ಯಾಲ ಬಿದ್ದೈತಲ್ಲ" ಎಂದಳು. ಆಮೇಲೆ ಹದಿನಾರರದ್ದು. "ಹ್ಞಾ, ಇದು ನಮ್ಮೂರು. ಗೇಟಿನಾಗ ನಿಂತರ ಹಿಂಗ ಕಾಣತೈತಿ." ನಗಲು ಬಾಯಿ ತೆರೆದವಳು ಹಾಗೇ ನಿಂತೆ. ಫೋಟೋ ಇಸಿದುಕೊಂಡು ಅವಳ ಹಾಗೇ ಮೂಗಿನ ಮುಂದೆ ಗೇಣಿನಷ್ಟು ದೂರಕ್ಕೆ ಹಿಡಿದೆ, ಒಂದು ಕಣ್ಣು ಮುಚ್ಚಿದೆ. ಸುನಿ, ಗುಡ್ಡ ಎದ್ದು ನಿಂತಿತು. ಅಂಗಳ ಕುಗ್ಗಿ ತನ್ನ ಅಳತೆಗೆ ಬಂತು.

ರಾತ್ರಿಯವರೆಗೆ ಕಾಯಲಿಲ್ಲ, ಬಸ್ಸಿನಲ್ಲೇ ಲೆಕ್ಕ ಹಾಕಿದೆ. ಕ್ಯಾಮರಾದೊಳಗಿನ ಚಿತ್ರ ಎರಡು ಬೆರಳಗಲ, ನಮ್ಮ ಪ್ರಿಂಟು ಹದಿನೆಂಟು ಇಂಚು ಅಗಲ. ಹೆಚ್ಚುಕಡಿಮೆ ಹದಿಮೂರು ಪಟ್ಟು ಹಿಗ್ಗಿದೆ. ಲೆನ್ಸಿನ ಅಂಕೆಯನ್ನೂ ಅಷ್ಟೇ ಪಟ್ಟು ಹಿಗ್ಗಿಸು, ಆ ದೂರದಲ್ಲಿ ನೋಡುವವನ ಕಣ್ಣಿರಬೇಕು. ಹದಿನಾರಕ್ಕೆ ಎಂಟು ಇಂಚು, ಅಂದರೆ ಹೆಚ್ಚುಕಡಿಮೆ ಒಂದು ಗೇಣು. ಇನ್ನೂರಕ್ಕೆ ಸುಮಾರು ಒಂದೂವರೆ ಮಾರು, ಅಷ್ಟು ದೂರ ಗೋಡೆಗೆ ಹಾಕಿ ನೋಡಿದರೆ ಅದೂ ನಿಜವೇ. ಸುಳ್ಳು ಹೇಳಿದ್ದು ಲೆನ್ಸಲ್ಲ. ನಾವು ಎಲ್ಲವನ್ನೂ ಮೊಳ ದೂರ ಹಿಡಿದು ನೋಡಿದೆವು, ಯಾಕೆಂದರೆ ಮನುಷ್ಯ ಕಾಗದ ಹಿಡಿಯುವುದೇ ಅಷ್ಟು ದೂರ. ಹುಲಿಗವ್ವ ಒಬ್ಬಳೇ ಗೇಣಿನಲ್ಲಿ ನೋಡಿದಳು.

ಹಾಗಾದರೆ ಮೊಳ ದೂರಕ್ಕೆ ಸರಿಹೋಗುವ ಅಂಕೆ ಯಾವುದು? ಮೂವತ್ತೈದು. ಹದಿನೇಳೂವರೆ ಇಂಚು, ಮೊಳಕ್ಕೆ ಅರ್ಧ ಇಂಚು ಕಡಿಮೆ. ಇವತ್ತು ಬೆಳಿಗ್ಗೆ ಮತ್ತೆ ಬಂದು ಬಸ್‌ಸ್ಟಾಪಿನ ಬೇವಿನ ಮರದ ಕೆಳಗೆ ನಿಂತು ಮೂವತ್ತೈದರಲ್ಲಿ ತೆಗೆದೆ. ಅಷ್ಟು ಹಿಂದಕ್ಕೆ ಬಂದರೆ ಶಾಲೆ, ಬಾವಿ, ಹೊಲ, ಗುಡ್ಡ ಎಲ್ಲವೂ ಕೂಡುತ್ತವೆ. ನಿಮ್ಮ ಊರಿಗೆ ಬಂದವರೆಲ್ಲ ಮೊದಲು ನೋಡುವುದು ಅಲ್ಲಿಂದಲೇ. ಪ್ರಿಂಟು ಜೊತೆಗಿದೆ, ಮೊಳ ದೂರ ಹಿಡಿ.

ಸಭೆಗೆ ನಾನು ಬರುತ್ತೇನೆ, ಹುಲಿಗವ್ವನನ್ನು ನನ್ನ ಜೊತೆ ಕಳಿಸು. ಇನ್ನೊಂದು ಮಾತಿದೆ, ಅದನ್ನು ಈಗ ಬರೆಯುವುದಿಲ್ಲ. ಮೊದಲು ಗುಡ್ಡದ ಕೆಲಸ ಮುಗಿಯಲಿ.

ಶಾಯಿಸ್ತಾ


ಗಂಗಾವತಿ
18 ಅಕ್ಟೋಬರ್ 2024

ಶಾಯಿಸ್ತಾ,

ಮೂವತ್ತೈದರ ಚಿತ್ರ ನೋಡಿದೆ. ಇನ್ನೂರರಷ್ಟು ಹೆದರಿಸುವುದಿಲ್ಲ. ಆದರೆ ಇದರೊಳಗೆ ನಡೆದುಕೊಂಡು ಹೋಗಬಹುದು.

ನಿನ್ನ ಮೇಲೆ ಸಿಟ್ಟು ಇತ್ತು, ಸರಿ ನಿನ್ನ ಕಡೆಗೇ ಇತ್ತು, ಅದಕ್ಕೇ ಬರೆಯಲಿಲ್ಲ. ಸಭೆಯ ದಿನ ನನಗೆ ಮುನಿರಾಬಾದಿನಲ್ಲಿ ತರಬೇತಿ, ತಪ್ಪಿಸುವ ಹಾಗಿಲ್ಲ. ಮುದಿಯಪ್ಪ ಮುತ್ಯಾ, ಹುಲಿಗವ್ವ ಬರುತ್ತಾರೆ. ಅವಳಿಗೆ ಕಿಟಕಿಯ ಸೀಟು ಕೊಡಿಸು. ಹೊರಗೆ ಏನೂ ಕಾಣದಿದ್ದರೂ ಗಾಳಿ ಬೇಕು ಅವಳಿಗೆ.

ಸುನಿತಾ


ಕುಷ್ಟಗಿ
29 ಅಕ್ಟೋಬರ್ 2024

ಸುನಿ,

ಸಭೆ ಹೇಗಾಯಿತು ಎಂದು ಮುದಿಯಪ್ಪ ಮುತ್ಯಾ ಆಗಲೇ ಊರಿಡೀ ಹೇಳಿರುತ್ತಾರೆ. ಅವರ ಕಥೆಯಲ್ಲಿ ನಾನು ಮೇಜು ಕುಟ್ಟಿದ್ದೇನಂತೆ. ಕುಟ್ಟಲಿಲ್ಲ.

ಹೆಸರು ಕರೆದ ಕೂಡಲೇ ಎದ್ದು ನಿಂತು, "ಸರ್, ಕಂಪನಿಯವರು ಕೊಟ್ಟಾರಲ್ಲ, ಆ ಫೋಟೋ ತೆಗೆದಾಕಿ ನಾನ ರೀ" ಎಂದೆ. ಗೋವಿಂದರಾಜರು ನಕ್ಕು ತಲೆ ಆಡಿಸಿದರು, ನಾನು ಅವರ ಕಡೆಯೇ ಬಂದಿದ್ದೇನೆ ಎಂದುಕೊಂಡು. ಸಾಹೇಬರು ಕೇಳಿದರು, "ಹಂಗಾರ ಇದು ಸುಳ್ಳೇನು?"

"ಸುಳ್ಳಲ್ರಿ. ನೀವು ಹಿಡ್ಕೊಂಡಿದ್ದು ದೂರ ಆತು. ಒಂದು ಗೇಣಿಗೆ ಹಿಡೀರಿ, ಒಂದು ಕಣ್ಣು ಮುಚ್ಚರಿ."

ಎಲ್ಲರೂ ನಕ್ಕರು. ಆಗ ಹುಲಿಗವ್ವ ಯಾರನ್ನೂ ಕೇಳದೆ ಮೇಜಿನ ಹತ್ತಿರ ಹೋಗಿ, "ಕೊಡ್ರಿ ಇಲ್ಲಿ, ನಾ ತೋರಸ್ತೀನಿ" ಎಂದು ಫೋಟೋ ಎತ್ತಿ ಮೂಗಿಗೆ ಹಿಡಿದಳು. ಕಿರುಬೆರಳಿನಿಂದ ಹೆಬ್ಬೆರಳಿಗೆ ಗೇಣು ಅಳೆದೂ ತೋರಿಸಿದಳು. ಅಮ್ಮನಂಥವಳ ಮುಂದೆ ಸಾಹೇಬರು ಎಷ್ಟು ಹೊತ್ತು ಬಿಗಿಯಾಗಿರುತ್ತಾರೆ? "ಕನ್ನಡಕ ತಗದ್ರ ನನಗ ಹತ್ತಿರದ್ದ ಛಲೋ ಕಾಣತೈತಿ" ಎನ್ನುತ್ತಾ ಕನ್ನಡಕ ತೆಗೆದು ಹಿಡಿದರು. ಒಂದು ಕಣ್ಣು ಮುಚ್ಚಿದರು.

ಫೋಟೋ ದೂರ ಮಾಡಿದರು, ಮತ್ತೆ ಹತ್ತಿರ ತಂದರು. ನಾನು ಮೂವತ್ತೈದರದ್ದನ್ನು ಮುಂದಿಟ್ಟು, "ಇದನ್ನ ಮೊಳ ದೂರದಿಂದ ನೋಡ್ರಿ, ಎರಡೂ ಒಂದ ಗುಡ್ಡ" ಎಂದೆ. ಎಲ್ಲಿ ನಿಂತೆ, ಯಾವ ಅಂಕೆ ಎಂದು ಎರಡರ ಹಿಂದೆಯೂ ಬರೆದು ಸಹಿ ಮಾಡಿದ್ದೆ. ಇನ್ನೂರರದ್ದನ್ನು ಚೀಲದಲ್ಲೇ ಬಿಟ್ಟೆ. ಗೋವಿಂದರಾಜರು ಏನೋ ಹೇಳಲು ಹೋದರು. ಸಾಹೇಬರು ಕನ್ನಡಕ ಒರೆಸಿಕೊಳ್ಳುತ್ತಾ, "ಫೋಟೋ ಸಾಕು. ಬರೂ ತಿಂಗಳ ಹತ್ತೊಂಬತ್ತಕ್ಕ ನಾನ ಬರ್ತೀನಿ. ಟೇಪು ಸಾಲಿ ಗೋಡಿಯಿಂದ ಹಿಡಿಯೂಣು" ಎಂದರು.

ಅಷ್ಟೇ ನಮಗೆ ಬೇಕಿದ್ದದ್ದು. ಅಳತೆ ನಮ್ಮ ಪರವಾಗಿಯೇ ಬರುತ್ತದೆ, ನನಗೆ ಅನುಮಾನವಿಲ್ಲ.

ಈಗ ಆ ಇನ್ನೊಂದು ಮಾತು. ನಿನ್ನ ಮದುವೆಯ ಆಲ್ಬಮ್ಮನ್ನು ನೀನು ಸುಟ್ಟಿಲ್ಲ, ನನಗೆ ಗೊತ್ತು. ಎರಡು ಪುಟ ಅಗಲದ ಆ ಗುಂಪಿನ ಚಿತ್ರವೂ ಹದಿನೆಂಟು ಇಂಚು, ಅದೂ ಹದಿನಾರರದ್ದು. ಮೂಗು ಚಿತ್ರದ ನಟ್ಟನಡುವಿಗೆ ನೇರವಾಗಿರಲಿ. ಒಂದು ಗೇಣು ದೂರ. ಒಂದು ಕಣ್ಣು ಮುಚ್ಚು. ತಲೆ ಅಲುಗಿಸದೆ, ತೆರೆದ ಕಣ್ಣನ್ನಷ್ಟೇ ಬಲದ ಅಂಚಿಗೆ ಹೊರಳಿಸು. ನಾನು ಯಾರನ್ನೂ ಸರಿಮಾಡಿಲ್ಲ. ಎಲ್ಲಿ ನಿಂತು ನೋಡಬೇಕು ಎಂದು ಹೇಳಿದ್ದೇನೆ, ಅಷ್ಟೇ.

ಶಾಯಿಸ್ತಾ


ಕಲ್ಲಗೋನಾಳ
1 ಡಿಸೆಂಬರ್ 2024

ಶಾಯಿಸ್ತಾ,

ಟೇಪು ನೂರ ನಲವತ್ತೆಂಟು ಮೀಟರಿಗೆ ಮುಗಿಯಿತು, ನಿಯಮ ಕೇಳುವ ದೂರಕ್ಕಿಂತ ಬಹಳ ಕಡಿಮೆ. ಸಾಹೇಬರು ಏಳನೆಯ ತರಗತಿಯ ಕಿಟಕಿಯಲ್ಲಿ ಕಾಲು ಗಂಟೆ ನಿಂತಿದ್ದರು. ಮೊನ್ನೆ ಆದೇಶ ಬಂತು. ಗುಬ್ಬಿಗುಡ್ಡಕ್ಕೆ ಸಿಡಿಮದ್ದು ಇಡುವಂತಿಲ್ಲ, ಅರ್ಜಿ ವಜಾ. ಹುಲಿಗವ್ವ ಅಂದು ಮಕ್ಕಳಿಗೆ ಹುಗ್ಗಿ ಮಾಡಿದಳು, ನನಗೆ ಎರಡು ಸಲ ಬಡಿಸಿದಳು. ಊರಿನವರು ಮೂವತ್ತೈದರ ಚಿತ್ರಕ್ಕೆ ಕಟ್ಟು ಹಾಕಿಸಿ ಶಾಲೆಯಲ್ಲಿ ತೂಗು ಹಾಕಿದ್ದಾರೆ. ಮುಂದೆ ಮೊಳ ದೂರದಲ್ಲಿ ನೆಲದ ಮೇಲೆ ಸುಣ್ಣದ ಗೆರೆ. ಅಲ್ಲಿ ನಿಂತೇ ನೋಡಬೇಕು ಎಂದು ಮುದಿಯಪ್ಪ ಮುತ್ಯಾ ಹುಡುಗರನ್ನು ಗದರುತ್ತಾರೆ.

ಇನ್ನೊಂದಕ್ಕೆ ಉತ್ತರ ಬರೆಯಲು ತಿಂಗಳು ಹಿಡಿಯಿತು. ಆಲ್ಬಮ್ ಟ್ರಂಕಿನ ತಳದಲ್ಲಿತ್ತು. ತೆಗೆದೆ, ಇಟ್ಟೆ, ಮತ್ತೆ ತೆಗೆದೆ. ನಿನ್ನೆ ಮಧ್ಯಾಹ್ನ ಬಾಗಿಲು ಹಾಕಿಕೊಂಡು, ನೀನು ಹೇಳಿದ ಹಾಗೆ ಗೇಣು ಅಳೆದು, ಒಂದು ಕಣ್ಣು ಮುಚ್ಚಿದೆ. ಮೊದಲು ಏನೂ ಆಗಲಿಲ್ಲ, ನಿನ್ನನ್ನು ಬೈದುಕೊಂಡೆ. ಆಮೇಲೆ ಕಣ್ಣು ಹೊರಳಿಸಿದೆ.

ಅವ್ವ ನಿಂತಿದ್ದಳು. ಅಡ್ಡಡ್ಡ ಎಳೆದ ಮುಖ ಅಲ್ಲ, ಅವಳದೇ ಕೋಲುಮುಖ. ಹಣೆಯ ಬೆವರು, ಕೈಯಲ್ಲಿ ಸಟ್ಟುಗ. ಅವಳು ಕ್ಯಾಮರಾ ನೋಡುತ್ತಿಲ್ಲ, ನನ್ನನ್ನು ನೋಡಿ ನಗುತ್ತಿದ್ದಾಳೆ. ಆರು ವರ್ಷ ನಾನು ಅದನ್ನು ನೋಡಿರಲಿಲ್ಲ. ಕೈ ಸೋಲುವವರೆಗೆ ಹಿಡಿದುಕೊಂಡಿದ್ದೆ. ಆಮೇಲೆ ಕಣ್ಣೀರಿಗೆ ಎಲ್ಲ ಕಲಸಿತು, ಆದರೂ ಇಳಿಸಲಿಲ್ಲ.

ಮುಂದಿನ ಭಾನುವಾರ ನಾನು ಗಂಗಾವತಿಗೆ ಹೋಗುವುದಿಲ್ಲ. ನಮ್ಮವರೇ ಇಲ್ಲಿಗೆ ಬರುತ್ತಾರೆ. ನೀನೂ ಊಟಕ್ಕೆ ಬಾ, ನಿನ್ನ ಅಬ್ಬಾನನ್ನೂ ಕರೆದುಕೊಂಡು ಬಾ. ಹುಲಿಗವ್ವ ಇರುತ್ತಾಳೆ, ಮುತ್ಯಾ ಇರುತ್ತಾರೆ, ದ್ಯಾಮಣ್ಣನಿಗೂ ಹೇಳಿದ್ದೇನೆ. ನನ್ನ ಪಡಸಾಲೆ ಸಣ್ಣದು, ಎಲ್ಲರೂ ಫೋಟೋದಲ್ಲಿ ಬರಬೇಕು. ಹದಿನಾರನ್ನೇ ತಾ.

ಈ ಸಲ ಅಂಚಿನಲ್ಲಿ ನಾನು ನಿಲ್ಲುತ್ತೇನೆ.

ನಿನ್ನ
ಸುನಿ